ಸನ್‌ಸ್ಕ್ರೀನ್ ರಕ್ತಕ್ಕೆ ಇಳಿಯುತ್ತದಂತೆ!

ದೇಚಮ್ಮ (ಫಾರ್ವರ್ಡ್): ಎಚ್ಚರ!! ಸನ್‌ಸ್ಕ್ರೀನ್‌ನಲ್ಲಿರುವ ಕೆಮಿಕಲ್ ಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತದೆ. ಹಾರ್ಮೋನ್ ಕೆಡಿಸುತ್ತದೆ. ಹವಾಯಿಯಲ್ಲಿ ಆಗಲೇ ನಿಷೇಧ. ಇಂದೇ ಬಿಸಾಡಿ, ತೆಂಗಿನೆಣ್ಣೆ ಹಚ್ಚಿ. ನಿಮ್ಮವರಿಗೆಲ್ಲ ಕಳಿಸಿ.

ದೇಚಮ್ಮ: ಎಲ್ಲರೂ ಓದಿ. ಮಗಳ ಟ್ಯೂಬ್ ನಿನ್ನೆಯೇ ಕಸಕ್ಕೆ ಹಾಕಿದೆ. ಏಳುನೂರು ರೂಪಾಯಿದು!

ಬೋಪಣ್ಣ: ಇಲ್ಲಿಗೆ ಕಳಿಸಬಾರದಿತ್ತಾ, ಕಣದಲ್ಲಿ ಕಾಫಿ ಹರಡುವವರಿಗಾದರೂ ಆಗುತ್ತಿತ್ತು.

ಯಶೋದ: ದೇಚು, ಮೊದಲ ಸಾಲು ನಿಜ. ಆಮೇಲಿನದೆಲ್ಲ ಎಲ್ಲೆಲ್ಲಿಂದಲೋ ತಂದು ಅಂಟಿಸಿದ್ದು. ಮೆಡಿಕಲ್‌ನಲ್ಲಿ ಸ್ವಲ್ಪ ರಶ್ ಇದೆ, ಇರು ಬರೆಯುತ್ತೇನೆ.

ಶಫೀಕ್: ದುಬೈಯಲ್ಲಿ ನಾನು ದಿನಾ ಹಚ್ಚುತ್ತೇನೆ ಮಾರಾಯ, ನನ್ನ ಗತಿ ಏನು ಹಾಗಾದ್ರೆ?

ಯಶೋದ: 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯವರೇ ಪರೀಕ್ಷೆ ಮಾಡಿದರು. 24 ಜನ, ದಿನಕ್ಕೆ ನಾಲ್ಕು ಸಲ, ನಾಲ್ಕು ದಿನ, ಮೈಯ ಮುಕ್ಕಾಲು ಭಾಗಕ್ಕೆ ದಪ್ಪಗೆ ಹಚ್ಚಿಸಿ ರಕ್ತ ತೆಗೆದು ನೋಡಿದರು. ಇದರಲ್ಲಿ ಒಂದು ಗೆರೆ ಇದೆ, ಮಿಲಿಲೀಟರ್ ರಕ್ತದಲ್ಲಿ ಅರ್ಧ ನ್ಯಾನೋಗ್ರಾಂ, ನ್ಯಾನೋಗ್ರಾಂ ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಅದಕ್ಕಿಂತ ಜಾಸ್ತಿ ಸಿಕ್ಕರೆ ಆ ಫಿಲ್ಟರ್, ಅಂದರೆ ಬಿಸಿಲು ತಡೆಯುವ ಕೆಮಿಕಲ್, ಬಗ್ಗೆ ಇನ್ನೂ ಪರೀಕ್ಷೆ ಮಾಡಿ ಕೊಡಿ ಅಂತ ಕಂಪನಿಗಳನ್ನು ಕೇಳಬೇಕು. ಅವೊಬೆಂಜೋನ್ ಅನ್ನುವ ಫಿಲ್ಟರ್ ಸರಾಸರಿ 2ರಿಂದ 4ರ ಆಸುಪಾಸು ಬಂತು. ಆಕ್ಸಿಬೆಂಜೋನ್ ಅನ್ನುವ ಇನ್ನೊಂದು ಮಾತ್ರ 170ರಿಂದ 210ರ ತನಕ ಹೋಯಿತು. ಗೆರೆ ದಾಟಿದರೆ ಪರೀಕ್ಷೆ ಬೇಕು ಅಂತ ಅರ್ಥ, ವಿಷ ಅಂತ ಅಲ್ಲ. ಸನ್‌ಸ್ಕ್ರೀನ್ ಬಿಡಬೇಡಿ ಅಂತ ಅದೇ ವರದಿಯಲ್ಲಿ ಬರೆದಿದ್ದಾರೆ. ನಿನ್ನ ಫಾರ್ವರ್ಡ್‌ನವನು ಆ ಸಾಲನ್ನೇ ನುಂಗಿದ್ದಾನೆ.

ದೇಚಮ್ಮ: ಅಂದರೆ ಇಳಿಯುತ್ತದೆ ಅಂತ ನೀನೇ ಒಪ್ಪಿದೆ. ಇಷ್ಟು ವರ್ಷ ಮಾರಿ ಆದಮೇಲೆ ಈಗ ಪರೀಕ್ಷೆ ಕೇಳುವುದಾ? ನನ್ನ ಸಿಟ್ಟೇ ಅದು.

ಯಶೋದ: ಆ ಸಿಟ್ಟು ನ್ಯಾಯವೇ. 2019ರ ಪ್ರಸ್ತಾವದಲ್ಲಿ ಎಫ್‌ಡಿಎಯವರು ಸರಿ ಅಂದಿದ್ದು ಎರಡು ಫಿಲ್ಟರಿಗೆ ಮಾತ್ರ, ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಎರಡನ್ನು ಬೇಡ ಅಂದರು. ಉಳಿದ 12ಕ್ಕೆ ಮಾಹಿತಿ ಸಾಲದು ಅಂದರು. ಯುರೋಪಿನವರು ಇನ್ನೂ ಬಿಗಿ. ಆಕ್ಸಿಬೆಂಜೋನ್ ಮುಖಕ್ಕೆ, ಕೈಗೆ, ತುಟಿಗೆ ಹಚ್ಚುವುದರಲ್ಲಿ 6%, ಇಡೀ ಮೈಗೆ ಹಚ್ಚುವುದರಲ್ಲಿ 2.2% ದಾಟಬಾರದು ಅಂತ 2022ರಲ್ಲಿ ನಿಯಮ ತಂದರು. ಹೋಮೋಸಲೇಟ್ ಅನ್ನುವ ಇನ್ನೊಂದು ಫಿಲ್ಟರ್ ಮುಖದ ಕ್ರೀಮಿಗೆ ಮಾತ್ರ, 7.34% ತನಕ. ನಾನಾದರೆ ಆಕ್ಸಿಬೆಂಜೋನ್ ಇರುವ ಟ್ಯೂಬ್ ಮನೆಗೆ ತರುವುದಿಲ್ಲ. ಹಾಗಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಬಿಸಾಡುವುದು ಬೇರೆ ಮಾತು.

ದಿನೇಶ: ಮತ್ತೆ ಹವಾಯಿ?

ಯಶೋದ: ಅದು ಮನುಷ್ಯರಿಗಾಗಿ ಮಾಡಿದ್ದೇ ಅಲ್ಲ! ಸಮುದ್ರದ ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎರಡನ್ನು ನಿಲ್ಲಿಸಿದರು. 2018ರ ಕಾನೂನು, 2021ರ ಜನವರಿಯಿಂದ ಜಾರಿ.

ಬೋಪಣ್ಣ: ನಮ್ಮ ದುಬಾರೆಯಲ್ಲಿ ಹವಳ ಇಲ್ಲ, ಆನೆ ಇದೆ 😄

ದೇಚಮ್ಮ: ನಗಬೇಡ ಬೋಪು, ಕಾವೇರಿ ಕೊನೆಗೆ ಸಮುದ್ರಕ್ಕೇ ಹೋಗುವುದು. ಅದಿರಲಿ, ನಮ್ಮ ಅತ್ತೆ ತೋಟದಲ್ಲಿ ಜೀವಮಾನ ದುಡಿದರು, ಒಂದು ದಿನ ಏನೂ ಹಚ್ಚಿದವರಲ್ಲ. ಚರ್ಮದ ಕ್ಯಾನ್ಸರ್ ಬಂತಾ?

ಯಶೋದ: ನಿನ್ನ ಅತ್ತೆ ತಲೆಗೆ ವಸ್ತ್ರ ಕಟ್ಟಿ, ಉದ್ದ ತೋಳಿನ ರವಿಕೆ ಹಾಕಿ, ನೆರಳು ಮರದ ಕೆಳಗೆ ಕೆಲಸ ಮಾಡಿದವರು. ಅದಕ್ಕಿಂತ ಒಳ್ಳೆ ಸನ್‌ಸ್ಕ್ರೀನ್ ನಾನು ಮಾರುವುದಿಲ್ಲ. ಕ್ಯಾನ್ಸರ್ ವಿಷಯದಲ್ಲಿ ನೀನು ಹೇಳಿದ್ದು ಬಹುಪಾಲು ಸರಿ. ದಿನಾ ಹಚ್ಚಿದರೆ ಚರ್ಮದ ಕ್ಯಾನ್ಸರ್ ಕಡಿಮೆ ಅಂತ ಆಸ್ಟ್ರೇಲಿಯಾದ ನ್ಯಾಂಬೋರ್ ಊರಲ್ಲಿ 1992ರಿಂದ 1996ರ ತನಕ 1,621 ಜನರ ಮೇಲೆ ನೋಡಿದ್ದಾರೆ, ಆದರೆ ಅಲ್ಲಿ ಬಿಳಿ ಚರ್ಮದವರೇ ಹೆಚ್ಚು. ನಮ್ಮ ಬಣ್ಣಕ್ಕೆ ಆ ಅಪಾಯ ತೀರಾ ಕಡಿಮೆ. ನಮಗೆ ಸನ್‌ಸ್ಕ್ರೀನ್ ಬೇಕಾಗಿರುವುದು ಬಂಗಿಗೆ, ಮುಖದ ಕಂದು ಕಲೆಗೆ. ಮೊನ್ನೆ ಒಬ್ಬರು ಬಂದಿದ್ದರು, ಎರಡೂ ಕೆನ್ನೆಯಲ್ಲಿ ಕಂದು ಬಣ್ಣದ ಪಟ್ಟೆ, ಮೂಗಿನ ಮೇಲೂ. ಯಾರೋ ಕೊಟ್ಟ ಸ್ಟೀರಾಯ್ಡ್ ಕ್ರೀಮ್ ತಿಂಗಳುಗಟ್ಟಲೆ ತಿಕ್ಕಿದ್ದಾರೆ. ಚರ್ಮ ತೆಳುವಾಗಿ ಕೆಂಪು ರಕ್ತನಾಳ ಹೊರಗೆ ಕಾಣುತ್ತಿತ್ತು. ಸನ್‌ಸ್ಕ್ರೀನ್ ತಗೊಳ್ಳಿ ಅಂದರೆ, ಅಯ್ಯೋ ಅದರಲ್ಲಿ ಕೆಮಿಕಲ್ ಅಂತೆ, ಬೇಡ ಅಂದರು. ನನಗೆ ಉರಿಯುವುದು ಇಲ್ಲೇ. ಪಕ್ಕದ ಕೇರಳದ ಮಲಪ್ಪುರಂನಲ್ಲಿ 2023ರಲ್ಲಿ ಪಾದರಸ ತುಂಬಿದ ಬಿಳುಪಿನ ಕ್ರೀಮ್ ಹಚ್ಚಿ ಕಿಡ್ನಿಯೇ ಕೆಟ್ಟವರು ಇದ್ದಾರೆ. ಅದರ ಬಗ್ಗೆ ಈ ಗುಂಪಲ್ಲಿ ಒಂದು ಫಾರ್ವರ್ಡ್ ಬಂತಾ?

ಶಫೀಕ್: ಬಂದಿಲ್ಲ.

ದೇಚಮ್ಮ: ವಿಷಯ ತಪ್ಪಿಸಬೇಡ. ಅದು ಕೆಟ್ಟದ್ದು ಅಂದಮಾತ್ರಕ್ಕೆ ಇದು ಒಳ್ಳೆಯದಾಗುತ್ತಾ? ಹಾರ್ಮೋನ್ ಕಥೆ ಏನು ಹೇಳು.

ಯಶೋದ: ಹೆಣ್ಣಿಲಿಗಳ ಆಹಾರದಲ್ಲಿ ಆಕ್ಸಿಬೆಂಜೋನ್ ಸಿಕ್ಕಾಪಟ್ಟೆ ಬೆರೆಸಿ ತಿನ್ನಿಸಿದಾಗ ಗರ್ಭಕೋಶದ ತೂಕ ಜಾಸ್ತಿಯಾಯಿತು, 2001ರ ಕೆಲಸ. ಗಾಬರಿ ಶುರುವಾಗಿದ್ದು ಅಲ್ಲಿಂದ. ಚರ್ಮಕ್ಕೆ ಹಚ್ಚಿಕೊಂಡ ಮನುಷ್ಯರಿಗೆ ಅದೇ ಆಗುತ್ತದೆ ಅಂತ ತೋರಿಸಿದವರಿಲ್ಲ. ಆಗುವುದೇ ಇಲ್ಲ ಅಂತ ಪೂರ್ತಿ ತೋರಿಸಿದವರೂ ಇಲ್ಲ, ಅದಕ್ಕೇ ಪರೀಕ್ಷೆ ಕೇಳಿದ್ದು. ಇನ್ನೊಂದು, ಆಕ್ಸಿಬೆಂಜೋನ್ ಸೇರಿದ ಈ ಬೆಂಜೋಫಿನೋನ್ ಜಾತಿಯವು ಬಣ್ಣ ಮಾಸದಿರಲಿ ಅಂತ ನೈಲ್ ಪಾಲಿಶ್, ಶಾಂಪೂ, ಸೆಂಟಿಗೂ ಹಾಕುತ್ತಾರೆ. ನಿನ್ನ ಡ್ರೆಸಿಂಗ್ ಟೇಬಲ್ ಒಮ್ಮೆ ನೋಡು.

ದೇಚಮ್ಮ: ನನ್ನ ನೈಲ್ ಪಾಲಿಶ್‌ಗೆ ಯಾಕೆ ಬಂದೆ 😠

ಬೋಪಣ್ಣ: ಕೆಮಿಕಲ್ ಬೇಡ ಅಂದವಳು ನೀನು ತಾನೇ.

ದಿನೇಶ: ಜಗಳ ಆಮೇಲೆ ಮಾಡಿ. ಏಪ್ರಿಲ್‌ನಲ್ಲಿ ಹಾಕಿ ಶುರು, ಹುಡುಗಿಯರ ಟೀಮ್ ಉರಿಬಿಸಿಲಲ್ಲಿ ಆಡಬೇಕು. ಏನು ತರಲಿ, ಅದು ಹೇಳು ಯಶೋದ. ತೆಂಗಿನೆಣ್ಣೆ ಸಾಕಾ?

ಯಶೋದ: ಸಾಕಾಗಲ್ಲ, ಅದು ತಡೆಯುವುದು ಅತ್ಯಲ್ಪ. ಸಾವಿರ ಮೀಟರ್ ಮೇಲೇರಿದರೆ ಬಿಸಿಲಿನ ಯುವಿ, ಅಂದರೆ ಚರ್ಮ ಸುಡುವ ಕಿರಣ, ಸುಮಾರು 10% ಜಾಸ್ತಿ, ಮಡಿಕೇರಿ ಅದಕ್ಕೂ ಮೇಲಿದೆ. ಗಾಳಿ ತಂಪಿರುತ್ತದೆ, ಸುಡುವುದು ಗೊತ್ತಾಗಲ್ಲ ಅಷ್ಟೇ. ಜಿಂಕ್ ಆಕ್ಸೈಡ್ ಇರುವುದು ತೆಗೆದುಕೋ, ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30 ಇದ್ದರೆ ಆಯಿತು. ಸ್ಪ್ರೇ ಬೇಡ, ಮಕ್ಕಳು ಉಸಿರಲ್ಲಿ ಎಳೆದುಕೊಳ್ಳುತ್ತಾರೆ. ಮುಖ ಕುತ್ತಿಗೆಗೆ ಎರಡು ಬೆರಳುದ್ದ, ಬೆವರಿದರೆ ಹಾಫ್ ಟೈಮಲ್ಲಿ ಮತ್ತೆ. ಬಂಗು ಇರುವವರಿಗೆ ಬಣ್ಣ ಬೆರೆಸಿದ್ದು ಒಳ್ಳೆಯದು, ಅದರ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಯಾವುದೂ ಬೇಡ, ನೆರಳಲ್ಲಿ ಇಡಿ.

ಬೋಪಣ್ಣ: ಜಿಂಕ್ ಹಚ್ಚಿದರೆ ಮುಖ ಸುಣ್ಣ ಬಳಿದ ಗೋಡೆ ಅಲ್ವಾ.

ಯಶೋದ: ಸ್ವಲ್ಪ ಹೌದು. ಬೆಳ್ಳಗಾಗುವುದು ಕೆಲವರಿಗೆ ಇಷ್ಟವೂ ಆಗುತ್ತದೆ, ಏನು ಮಾಡುವುದು.

ದೇಚಮ್ಮ: ಸರಿ, ಮಗಳಿಗೆ ಜಿಂಕಿನದ್ದು ಒಂದು ತೆಗೆದಿಡು. ಶನಿವಾರ ಗೋಣಿಕೊಪ್ಪಕ್ಕೆ ಬರುತ್ತೇನೆ. ನಿನ್ನ ಮಾತು ನಂಬಿ ಅಲ್ಲ, ಲೇಬಲ್ ನಾನೇ ಓದುತ್ತೇನೆ.

ಯಶೋದ: ಓದು. ಆಕ್ಸಿಬೆಂಜೋನ್ ಅಂತಲೇ ಇರಬೇಕು ಅಂತಿಲ್ಲ, ಬೆಂಜೋಫಿನೋನ್-3 ಅಂತಲೂ ಬರೆದಿರುತ್ತಾರೆ. ಕನ್ನಡಕ ಮರೆಯಬೇಡ, ಆ ಅಕ್ಷರ ನನಗೇ ಕಾಣುವುದಿಲ್ಲ.