ಅಪ್‌ಡೇಟ್: ಹಡಗಿನ ಕ್ಯಾಸಿನೋ ಶುಲ್ಕದ ಬಗ್ಗೆ ಕೇಳಿದ್ದೆನಲ್ಲ

ಮಯಾಮಿಯಿಂದ ಬಹಾಮಾಸ್‌ಗೆ ಹೋಗುವ ಪ್ರವಾಸಿ ಹಡಗಿನಲ್ಲಿ ಜೂಜಿನ ಹಣವನ್ನು ಕೋಣೆಯ ಖಾತೆಗೆ ಬರೆಸಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆಯೇ ಎಂದು ಕಳೆದ ತಿಂಗಳು ಕೇಳಿದ್ದೆ. ನಿನ್ನೆ ಮರಳಿ ಬಂದೆವು. ಖಂಡಿತ ಬೀಳುತ್ತದೆ.

ಮೊದಲ ರಾತ್ರಿ ಅಪ್ಪ ಸ್ಲಾಟ್ ಯಂತ್ರಕ್ಕೆ ಕೋಣೆಯ ಕಾರ್ಡ್ ತೂರಿಸಿ 200 ಡಾಲರ್ ತೆಗೆದುಕೊಂಡರು. ಪರದೆಯ ಕೆಳತುದಿಯಲ್ಲಿ ಸಣ್ಣಕ್ಷರದ ಒಂದು ಸಾಲಿತ್ತು, ಕನ್ನಡಕವಿಲ್ಲದೆ ಅವರಿಗೆ ಕಾಣಲಿಲ್ಲ. ಬೆಳಿಗ್ಗೆ ಖಾತೆ ನೋಡಿದರೆ 210. ಶೇ 5ರಷ್ಟು ಶುಲ್ಕ! ಆಡದೆ ಹಿಂದಿರುಗಿಸಿದರೂ ಆ 10 ಡಾಲರ್ ಮರಳುವುದಿಲ್ಲ ಎಂದರು ಕೌಂಟರಿನವರು. ಹಿರಿಯರಿಗೆ ಇದನ್ನು ಬಾಯಿಬಿಟ್ಟು ಹೇಳಬೇಡವೇ? ನನ್ನ ಸಿಟ್ಟು ಇನ್ನೂ ಆರಿಲ್ಲ.

ನಗದು ಒಯ್ಯಿರಿ ಎಂದು ನೀವು ಹೇಳಿದ ಮಾತೇ ಕೈಹಿಡಿಯಿತು. ಮರುದಿನದಿಂದ 20 ಡಾಲರಿನ ನೋಟುಗಳನ್ನು ನೇರವಾಗಿ ಯಂತ್ರಕ್ಕೆ ಹಾಕಿದೆವು, ಒಂದು ಸೆಂಟೂ ಹೆಚ್ಚು ಕಡಿಯಲಿಲ್ಲ. ಹಡಗಿನ ಎಟಿಎಂ ನಂಬಬೇಡಿ, ಅದಕ್ಕೂ ಬೇರೆ ಶುಲ್ಕವಿದೆ. ಕ್ರೆಡಿಟ್ ಕಾರ್ಡ್ ಬಳಸಿದರಂತೂ ಬ್ಯಾಂಕ್ ಅದನ್ನು ನಗದು ಸಾಲವೆಂದು ಎಣಿಸಿ ಅಂದಿನಿಂದಲೇ ಬಡ್ಡಿ ಹಾಕಬಹುದು. ಹೊರಡುವ ಮುನ್ನ ಊರಿನಲ್ಲೇ ಹಣ ತೆಗೆದಿಟ್ಟುಕೊಳ್ಳಿ.

ಕೊನೆಯ ರಾತ್ರಿ ಅಪ್ಪ 35 ಡಾಲರ್ ಗೆದ್ದರು. ಎರಡೆರಡು ಸಲ ಎಣಿಸಿ ಅಮ್ಮನ ಕೈಗಿತ್ತರು.