ಅಪ್‌ಡೇಟ್: ಬಳ್ಳಾರಿಯ ಎಂಬಿಬಿಎಸ್, ಅಮೆರಿಕದ ರೆಸಿಡೆನ್ಸಿ

ಬಳ್ಳಾರಿಯಲ್ಲಿ ಎಂಬಿಬಿಎಸ್ ಮುಗಿಸಿ ನಾಲ್ಕು ವರ್ಷ ಕಳೆದವನಿಗೆ ಅಮೆರಿಕದಲ್ಲಿ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಡೆಯುವ ತಜ್ಞ ತರಬೇತಿ) ದೊರೆಯುವುದೇ ಎಂದು ಹಿಂದೆ ಕೇಳಿದ್ದೆ. ಮಾರ್ಚ್ ತಿಂಗಳ ಮ್ಯಾಚ್‌ನಲ್ಲಿ, ಅಂದರೆ ಅಲ್ಲಿನ ರೆಸಿಡೆನ್ಸಿ ಸೀಟು ಹಂಚಿಕೆಯಲ್ಲಿ, ನನಗೆ ಇಂಟರ್ನಲ್ ಮೆಡಿಸಿನ್ ಸೀಟು ದೊರೆತಿದೆ. 2022ರಿಂದ ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೊದಲ ಹಂತ ಸ್ಟೆಪ್ 1ರಲ್ಲಿ ಅಂಕಗಳಿಲ್ಲದೆ ಪಾಸು, ಫೇಲು ಮಾತ್ರ ಇರುವುದರಿಂದ, ಹಿರಿಯರೊಬ್ಬರು ಸಲಹೆ ನೀಡಿದಂತೆ ಚಿಕಿತ್ಸಾ ಜ್ಞಾನವನ್ನು ಅಳೆಯುವ ಸ್ಟೆಪ್ 2 ಸಿಕೆಯ ಅಂಕಕ್ಕೇ ಹೆಚ್ಚು ಶ್ರಮ ವಹಿಸಿದೆ. ಇಂಗ್ಲಿಷಿನ ಓಇಟಿ ಪರೀಕ್ಷೆಯೂ ಮುಗಿದ ಮೇಲೆಯೇ, ವಿದೇಶದಲ್ಲಿ ಓದಿದ ವೈದ್ಯರು ರೆಸಿಡೆನ್ಸಿಗೆ ಸೇರಲು ಬೇಕಾದ ಇಸಿಎಫ್‌ಎಂಜಿ ಪ್ರಮಾಣಪತ್ರ ಕೈಸೇರಿತು. ನಾನು ಹಗುರವಾಗಿ ಎಣಿಸಿದ್ದು ಶಿಫಾರಸು ಪತ್ರಗಳನ್ನು. ಆದರೆ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಎರಡು ತಿಂಗಳು ಅಬ್ಸರ್ವರ್‌ಶಿಪ್ (ವೈದ್ಯರ ಕೆಲಸವನ್ನು ನೋಡಿ ಕಲಿಯುವುದು) ಮಾಡಿ ಪಡೆದ ಪತ್ರಗಳ ಬಗ್ಗೆಯೇ ಆನ್‌ಲೈನ್ ಸಂದರ್ಶನಗಳಲ್ಲಿ ಹೆಚ್ಚು ಪ್ರಶ್ನೆಗಳು ಬಂದವು. ಇನ್ನುಳಿದಿರುವುದು ಇಂಥ ತರಬೇತಿಗೆ ಹೋಗುವವರಿಗೆ ಕೊಡುವ ಜೆ-1 ವೀಸಾ. ತರಬೇತಿಯ ನಂತರ ವಿನಾಯಿತಿ ಪಡೆಯದವರು ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಅದರ ಷರತ್ತು ನನಗೆ ಚಿಂತೆಯಾಗಿದ್ದರೂ, ಅಪ್ಪನಿಗೆ ಮಾತ್ರ ಬಹಳ ಹಿಡಿಸಿದೆ.