ರೆಫರ್ ಆಗಿ ಬಂದ ರೋಗಿಯ ನಾರ್‌ಅಡ್ರಿನಲಿನ್: ‘5 ಎಂಎಲ್’ ಎಂದರೆ ಎಷ್ಟು ಡೋಸ್?

ಪ್ರಶ್ನೆ (ಸ್ಟಾಫ್ ನರ್ಸ್, ಹುಬ್ಬಳ್ಳಿ):
ಹಾವೇರಿ, ಗದಗ ಕಡೆಯಿಂದ ನಮ್ಮ ಐಸಿಯುಗೆ ಬರುವ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ರೋಗಿಗಳಲ್ಲಿ ಕೆಲವರಿಗೆ ಆಂಬುಲೆನ್ಸಿನಲ್ಲಿಯೇ ಸಿರಿಂಜ್ ಪಂಪಿನಿಂದ ಬಿಪಿ ಏರಿಸುವ ಔಷಧ ನಾರ್‌ಅಡ್ರಿನಲಿನ್ ನಡೆದಿರುತ್ತದೆ. ಸಿರಿಂಜಿನ ಮೇಲೆ ‘ನಾರ್‌ಅಡ್ ಡಬಲ್ ಸ್ಟ್ರೆಂತ್’ ಎಂದೂ ರೆಫರಲ್ ಚೀಟಿಯಲ್ಲಿ ‘5 ಎಂಎಲ್’ ಎಂದೂ ಇರುತ್ತದೆ, ಅದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ನಮ್ಮಲ್ಲಿ 50 ಎಂಎಲ್‌ಗೆ ಎರಡು ಆಂಪೂಲ್ (ಔಷಧದ ಪುಟ್ಟ ಗಾಜಿನ ಸೀಸೆ) ಹಾಕುವುದು ರೂಢಿ. ರೋಗಿಯ ತೂಕ 60 ಕೆಜಿ ಎಂದಿಟ್ಟುಕೊಂಡರೆ, ನಮ್ಮ ಸಿರಿಂಜನ್ನೂ ಅದೇ 5 ಎಂಎಲ್‌ಗೆ ಇಡಬಹುದೇ?

ಉತ್ತರ 1 (ಐಸಿಯು ಇನ್‌ಚಾರ್ಜ್, ಧಾರವಾಡ):
ಇಡಬಾರದು ಸಿಸ್ಟರ್. ಗಂಟೆಗೆ ಇಷ್ಟು ಎಂಎಲ್ ಎಂಬುದು ಪಂಪಿನ ವೇಗವೇ ಹೊರತು ಡೋಸ್ ಅಲ್ಲ. ಸಾಮಾನ್ಯವಾಗಿ ಸಿಗುವ 2 ಎಂಎಲ್ ಆಂಪೂಲಿನಲ್ಲಿ 4 ಮಿಲಿಗ್ರಾಂ ಬೈಟಾರ್ಟ್ರೇಟ್ (ಔಷಧದ ಲವಣ ರೂಪ), ಅಂದರೆ 2 ಮಿಲಿಗ್ರಾಂ ನಾರ್‌ಅಡ್ರಿನಲಿನ್ ಬೇಸ್ (ಲವಣ ಬಿಟ್ಟು ಮೂಲ ಔಷಧ) ಇರುತ್ತದೆ. ಒಬ್ಬರು ಬೇಸ್ ಹಿಡಿದು, ಇನ್ನೊಬ್ಬರು ಬೈಟಾರ್ಟ್ರೇಟ್ ಹಿಡಿದು ಲೆಕ್ಕ ಹಾಕಿದರೆ ಅಲ್ಲಿಯೇ ಎರಡು ಪಟ್ಟಿನ ವ್ಯತ್ಯಾಸ ಬರುವುದರಿಂದ, ಆಂಪೂಲಿನ ಮೇಲಿನ ಬರಹವನ್ನು ಪ್ರತಿ ಸಲವೂ ಓದಲೇಬೇಕು.

ಬೇಸ್ ಲೆಕ್ಕದಲ್ಲಿ ನಿಮ್ಮ ಸಿರಿಂಜಿನಲ್ಲಿರುವುದು 50 ಎಂಎಲ್‌ಗೆ 4000 ಮೈಕ್ರೋಗ್ರಾಂ, ಅಂದರೆ ಪ್ರತಿ ಎಂಎಲ್‌ಗೆ 80. ಗಂಟೆಗೆ 5 ಎಂಎಲ್ ಹೋದರೆ 400 ಮೈಕ್ರೋಗ್ರಾಂ. ಅದನ್ನು 60 ನಿಮಿಷದಿಂದ ಭಾಗಿಸಿ, ಮತ್ತೆ 60 ಕೆಜಿಯಿಂದ ಭಾಗಿಸಿದರೆ ಪ್ರತಿ ಕೆಜಿಗೆ, ಪ್ರತಿ ನಿಮಿಷಕ್ಕೆ ಸುಮಾರು 0.11 ಮೈಕ್ರೋಗ್ರಾಂ. ಕಳಿಸಿದವರು ನಾಲ್ಕು ಆಂಪೂಲ್ ಹಾಕಿದ್ದರೆ ಅದೇ 5 ಎಂಎಲ್‌ನಲ್ಲಿ 0.22 ಹೋಗುತ್ತಿತ್ತು. ಅದಕ್ಕೆ ಸರಿಗಟ್ಟಲು ನಿಮ್ಮ ಪಂಪ್ 10 ಎಂಎಲ್‌ನಲ್ಲಿರಬೇಕು. 5ರಲ್ಲಿಟ್ಟರೆ ಬಂದ ಗಳಿಗೆಯಲ್ಲೇ ಡೋಸ್ ಅರ್ಧಕ್ಕಿಳಿದು ಬಿಪಿ ಕುಸಿಯಬಹುದು. ‘ಡಬಲ್ ಸ್ಟ್ರೆಂತ್’ ಎಂಬ ಮಾತನ್ನಂತೂ ನಾನು ನಂಬುವುದಿಲ್ಲ, ಏಕೆಂದರೆ ಒಂದು ಆಂಪೂಲನ್ನು ಸಿಂಗಲ್ ಎನ್ನುವ ಕಡೆ ಎರಡೇ ಡಬಲ್ ಆಗಿಬಿಡುತ್ತದೆ. ಆಂಬುಲೆನ್ಸ್ ಹೊರಡುವ ಮೊದಲೇ ಫೋನಿನಲ್ಲಿ ಎಷ್ಟು ಆಂಪೂಲ್, ಎಷ್ಟು ಎಂಎಲ್‌ನಲ್ಲಿ ಎಂದು ಕೇಳಿಕೊಳ್ಳಿ.

ಉತ್ತರ 2 (ನರ್ಸಿಂಗ್ ಬೋಧಕಿ, ಗದಗ):
ಲೆಕ್ಕ ಸರಿಯಿದೆ. ಆದರೆ ಪಂಪ್ ಮುಟ್ಟುವ ಮೊದಲು ರೋಗಿಯನ್ನು ನೋಡಬೇಕು. ಬಿಪಿ 88/50 ಇದ್ದರೆ, ಕೆಳಗಿನ ಅಂಕಿಯ ಎರಡರಷ್ಟನ್ನು ಮೇಲಿನದಕ್ಕೆ ಕೂಡಿಸಿ ಮೂರರಿಂದ ಭಾಗಿಸಿದಾಗ ಮ್ಯಾಪ್ (ಸರಾಸರಿ ರಕ್ತದೊತ್ತಡ) ಸುಮಾರು 63 ಬರುತ್ತದೆ. ಸಾಮಾನ್ಯ ಗುರಿ 65. ಅಂಕಿಯ ಜೊತೆಗೆ ಬೆರಳ ತುದಿಯನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದೆಯೇ, 60 ಕೆಜಿಯವರಿಗೆ ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆಯಾಗಿದೆಯೇ, ಮಾತಿನಲ್ಲಿ ಗೊಂದಲವಿದೆಯೇ ಎಂಬುದನ್ನೂ ಬರೆದಿಡಿ. ಆರ್ಟೀರಿಯಲ್ ಲೈನ್ (ಅಪಧಮನಿಯೊಳಗಿಂದ ಬಿಪಿ ನೋಡುವ ನಳಿಕೆ) ಇದ್ದರೆ, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿರದೆ ಸಿಗುವ ಬಿಪಿಯನ್ನು ಹಿಡಿದು ಡೋಸ್ ಬದಲಿಸಬಾರದು.

ಇನ್ನು ತೂಕದ ಮಾತು. ‘ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ತೂಗೋ ಕಾಟಾದ ಮ್ಯಾಲೆ ನಿಂತಾಗ ಅರವತ್ತಿತ್ರೀ’ ಎಂಬಂಥ ಉತ್ತರ ಮನೆಯವರಿಂದ ಬಂದರೂ ಗಾಬರಿ ಬೇಡ. ಮ್ಯಾಪ್ ನೋಡಿಕೊಂಡು ಏರಿಸಿ ಇಳಿಸುವ ಔಷಧವಾದ್ದರಿಂದ ಐದು ಕೆಜಿ ಹೆಚ್ಚುಕಡಿಮೆಯಾದರೂ ನಡೆದೀತು. ಆದರೆ ಹಗಲಿನ ಶಿಫ್ಟಿನವರು 60, ರಾತ್ರಿಯವರು 70 ಹಿಡಿದರೆ ಚಾರ್ಟಿನಲ್ಲಿ ಡೋಸ್ ಇಳಿದಂತೆ ಕಾಣುತ್ತದೆ, ರೋಗಿಗೆ ಹೋಗುವುದು ಮಾತ್ರ ಅಷ್ಟೇ ಇರುತ್ತದೆ.

ಉತ್ತರ 3 (ಐಸಿಯು ನರ್ಸ್, ಹಾವೇರಿ):
ಕಳಿಸುವ ಕಡೆಯವನಾಗಿ ಒಂದು ಮಾತು ಸೇರಿಸುತ್ತೇನೆ. ಹಳೆಯ ಸಿರಿಂಜನ್ನು ತೆಗೆದು ಆಮೇಲೆ ಹೊಸದನ್ನು ತುಂಬಲು ಹೋಗಬೇಡಿ. ನಾರ್‌ಅಡ್ರಿನಲಿನ್ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಹೊಸ ಸಿರಿಂಜು, ಟ್ಯೂಬ್, ಎರಡನೆಯ ಪಂಪ್ ಎಲ್ಲ ಸಿದ್ಧವಾದ ಮೇಲೆಯೇ ಬದಲಿಸಿ. ಆ ಲೈನಿನಲ್ಲಿ ಬೇರೆ ಇಂಜೆಕ್ಷನ್ ತಳ್ಳಿದರೆ ಒಳಗುಳಿದ ಔಷಧ ಒಮ್ಮೆಗೇ ಹೋಗಿ ಬಿಪಿ ಜಿಗಿಯುತ್ತದೆ. ನಮ್ಮಲ್ಲಿ ಅನೇಕ ಸಲ ಕೈಯ ನರಕ್ಕೇ ಹಾಕಿ ಕಳಿಸಬೇಕಾಗುವುದರಿಂದ, ಸೂಜಿಯ ಸುತ್ತ ಚರ್ಮ ಬಿಳುಚಿ ತಣ್ಣಗಾಗಿದ್ದರೆ ತಕ್ಷಣ ವೈದ್ಯರನ್ನು ಕರೆದು ಬೇರೆ ಲೈನಿಗೆ ಸಾಗಿಸಿ.

ಪ್ರಶ್ನಿಸಿದವರು:
ಫೋನ್ ಮಾಡಿ ಕೇಳಿದೆ, ನಾಲ್ಕು ಆಂಪೂಲ್ ಹಾಕಿದ್ದರಂತೆ. ಲೇಬಲ್ಲಿನ ಮೇಲೆ ‘ಬೇಸ್ 8 ಮಿಲಿಗ್ರಾಂ, 50 ಎಂಎಲ್, ಪ್ರತಿ ಎಂಎಲ್‌ಗೆ 160 ಮೈಕ್ರೋಗ್ರಾಂ, ತೂಕ 60’ ಎಂದು ಬರೆದು ಕಳಿಸಲು ಅವರೂ ಒಪ್ಪಿದ್ದಾರೆ.